ಪರೀಕ್ಷೆಗೆ ಸವೆದ ಹಾಲುಹಲ್ಲು

ಬೀದಿಯವರು ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಅವಳಿಗೆ ಕೆಲಸ. ಡಾಕ್ಟರು ರೋಗಿಯ ಬಾಯಿಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ಒತ್ತಿ ತೆಗೆದ ಅಚ್ಚು ಅವಳ ಮೇಜಿಗೆ ಬರುತ್ತಿತ್ತು. ಅವಳು ಅದನ್ನು ತೊಳೆದು, ಪ್ಲಾಸ್ಟರ್ ಕಲಸಿ ಹೊಯ್ಯುತ್ತಿದ್ದಳು. ಗಟ್ಟಿಯಾದ ಮೇಲೆ ಬಿಡಿಸಿದರೆ ಆ ಮನುಷ್ಯನ ಬಾಯಿ ಬೆಳ್ಳಗೆ ಮೇಜಿನ ಮೇಲೆ ಕೂತಿರುತ್ತಿತ್ತು. ಅದರ ಅಳತೆಗೆ ಅವಳು ಕಟ್ಟಿಸುವ ಹಲ್ಲನ್ನೋ ತಂತಿಯನ್ನೋ ಕೂರಿಸುತ್ತಿದ್ದಳು.

ಅವಳು ಬೇಗ ಹೇಸಿಕೊಳ್ಳುವ ಹೆಂಗಸು. ಹಾಲಿನ ಮೇಲೆ ಕೆನೆ ಕಟ್ಟಿದರೆ ಲೋಟ ದೂರ ಸರಿಸುವಳು. ಬಸ್ಸಿನ ಕಂಬಿ ಹಿಡಿಯಲು ಅವಳಿಗೆ ಕರವಸ್ತ್ರ ಬೇಕು. ಯಾರಾದರೂ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದರೆ ಮುಖ ಹುಳಿ ತಿಂದಂತಾಗುವುದು. ಇಂಥವಳು ಊರವರ ಎಂಜಲಿನ ಅಚ್ಚು ಹೇಗೆ ತೊಳೆಯುತ್ತಾಳೆ ಎಂದು ತಮ್ಮನ ಹೆಂಡತಿ ಒಮ್ಮೆ ಕೇಳಿದ್ದಳು. ಎಂಜಲು ತೊಳೆದರೆ ಹೋಗುತ್ತದೆ, ಅದಕ್ಕೇನಂತೆ ಎಂದಿದ್ದಳು ಹಲ್ಲಕ್ಕ.

ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಗೆ ಬಂದು ಸೇರಿದ್ದಳು. ತಮ್ಮ ದೊಡ್ಡದೊಂದು ಚಪ್ಪಲಿ ಅಂಗಡಿಯಲ್ಲಿ ಮಾರಾಟಗಾರ. ತಮ್ಮನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ದಿಂಬಿನ ಕವರು ಹೊಲಿಯುತ್ತಿದ್ದಳು. ಅವರಿಗೊಬ್ಬಳೇ ಮಗಳು, ಐದನೇ ತರಗತಿ. ಮುಂದಿನ ಎರಡು ಹಲ್ಲು ದೊಡ್ಡದಾಗಿ ಬಂದಿದ್ದರಿಂದ ಅತ್ತೆಯಾದ ಹಲ್ಲಕ್ಕ ಅವಳನ್ನು ಅಳಿಲು ಎನ್ನುತ್ತಿದ್ದಳು. ಉಯ್ಯಾಲೆಯಿಂದ ಬಿದ್ದು ಅದರಲ್ಲೊಂದು ಹಲ್ಲಿನ ಮೂಲೆ ಚೂರು ಹಾರಿತ್ತು. ಅದನ್ನು ತುಂಬಿಸೋಣ ಎಂದರೆ ಅಳಿಲು ಒಪ್ಪಿರಲಿಲ್ಲ. ಆ ಸಂದಿನಿಂದ ಸಿಳ್ಳೆ ಹೊಡೆಯಲು ಬರುತ್ತಿತ್ತು, ಅದನ್ನು ಬಿಟ್ಟುಕೊಡಲು ಅವಳಿಗೆ ಇಷ್ಟವಿರಲಿಲ್ಲ.

ಊರಿನ ಅಂಚಿನಲ್ಲಿ ದೊಡ್ಡ ಗೋಡೆಯ ಒಂದು ಶಾಲೆ ಇತ್ತು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದರು. ಬರೆಯುವವರು ಸಾವಿರಾರು, ಸೇರುವವರು ಒಂದು ಕೋಣೆಯಷ್ಟು. ಆ ಕೋಣೆಗೆ ನುಗ್ಗಿಸುತ್ತೇವೆ ಎಂದು ಹೇಳಿಕೊಂಡು ಪೇಟೆಯ ತುಂಬ ತರಬೇತಿ ಕೇಂದ್ರಗಳು ಎದ್ದವು. ಎಲ್ಲಕ್ಕಿಂತ ದೊಡ್ಡದು ಆಸ್ಪತ್ರೆಯ ಎದುರಿನ ಕಟ್ಟಡದಲ್ಲೇ ಇತ್ತು.

ಮೊದಮೊದಲು ಹಲ್ಲಕ್ಕನಿಗೆ ಇದೆಲ್ಲ ಎದುರು ಕಟ್ಟಡದ ಗದ್ದಲ, ಅಷ್ಟೇ. ಆಮೇಲೆ ಅವಳ ಮೇಜಿಗೆ ಸಣ್ಣ ಅಚ್ಚುಗಳು ಬರತೊಡಗಿದವು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಬಾಯಿಗಳು. ಪ್ಲಾಸ್ಟರ್ ಬಿಡಿಸಿ ನೋಡಿದರೆ ದವಡೆಯ ಹಲ್ಲುಗಳ ನೆತ್ತಿ ಉಜ್ಜಿದಂತೆ ಚಪ್ಪಟೆ. ಇನ್ನೂ ಉದುರಬೇಕಾದ ಹಾಲುಹಲ್ಲು ಮುದುಕರ ಹಲ್ಲಿನ ಹಾಗೆ ಸವೆದಿತ್ತು. ಎದುರಿನ ಕೇಂದ್ರದ ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ಹಗಲಲ್ಲೂ, ಲೆಕ್ಕ ಮಾಡುತ್ತಾ ಕಡಿಯುತ್ತಿದ್ದರು. ಅದಕ್ಕೆ ರಾತ್ರಿ ಬಾಯಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಗಾರ್ಡ್ ಬೇಕಿತ್ತು. ಹಲ್ಲಕ್ಕ ಮಾಡಿಕೊಡಬೇಕಾಗಿತ್ತು.

ಡಾಕ್ಟರು ಕೆಟ್ಟವರೇನಲ್ಲ. ಶುರುವಿನಲ್ಲಿ ಅಪ್ಪ ಅಮ್ಮಂದಿರಿಗೆ, ಮಗುವನ್ನು ಸ್ವಲ್ಪ ಆಡಲು ಬಿಡಿ, ಬೇಗ ಮಲಗಿಸಿ ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಹೇಳಿಸಿಕೊಂಡವರು ನೆಟ್ಟಗೆ ಪಕ್ಕದ ಬೀದಿಯ ಬೇರೆ ಡಾಕ್ಟರ ಹತ್ತಿರ ಹೋದರು. ಅದನ್ನು ಕಂಡ ಮೇಲೆ ಇವರು ಉಪದೇಶ ನಿಲ್ಲಿಸಿ ಅಚ್ಚು ತೆಗೆಯತೊಡಗಿದರು. ಮಕ್ಕಳಿಗೆ ಇಷ್ಟವಾಗಲಿ ಎಂದು ಹಸಿರು, ನೀಲಿ, ಗುಲಾಬಿ ಗಾರ್ಡುಗಳು ಬಂದವು. ಕಾಯುವ ಕೋಣೆಯ ಗೋಡೆಗೆ ಎದುರಿನ ಕೇಂದ್ರದ ಪೋಸ್ಟರ್ ಬಂತು. ಎದುರಿನ ಕೇಂದ್ರದ ಗೋಡೆಗೆ ಆಸ್ಪತ್ರೆಯ ಪೋಸ್ಟರ್ ಹೋಯಿತು.

ಒಂದು ದಿನ ಹಲ್ಲಕ್ಕ ಅಳತೆ ಕೇಳಲು ಮುಂದಿನ ಕೋಣೆಗೆ ಹೋದಾಗ ಒಬ್ಬ ಹುಡುಗ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ. ಒಂದು ಹಲ್ಲು ಒಳಗಿನವರೆಗೆ ಹುಳುಕಾಗಿ ಕೀವು ಕಟ್ಟಿತ್ತು. ಕೋಣೆಗೆಲ್ಲ ಆ ವಾಸನೆ. ಡಾಕ್ಟರು ಈಗಲೇ ಚಿಕಿತ್ಸೆ ಆಗಬೇಕು ಎಂದರು. ಹುಡುಗನ ತಾಯಿ ಕೈಚೀಲದಿಂದ ಪಂಚಾಂಗ ತೆಗೆದವಳಂತೆ ಮೊಬೈಲ್ ತೆಗೆದು ಪರೀಕ್ಷೆಯ ದಿನ ನೋಡಿದಳು.

"ಅಲ್ಲೀವರೆಗೂ ತಡ್ಕೊಳ್ಳೋ ಹಾಗೆ ಏನಾದ್ರೂ ಮಾಡಿ ಡಾಕ್ಟ್ರೇ. ನೋವಿಗೆ ಅವನು ಅಳಲ್ಲ, ಅಭ್ಯಾಸ ಆಗಿದೆ," ಎಂದಳು.

ಹಲ್ಲಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಕೀವಿನ ವಾಸನೆಯನ್ನು ಅವಳು ಎಷ್ಟೋ ಸಲ ಕಂಡಿದ್ದಳು, ಅದಕ್ಕಲ್ಲ. ಅಭ್ಯಾಸ ಆಗಿದೆ ಎಂದು ಆ ತಾಯಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದಳು. ಅಳತೆ ಕೇಳುವುದನ್ನೇ ಮರೆತು ಹಲ್ಲಕ್ಕ ಹಿಂದಿನ ಕೋಣೆಗೆ ಹೋಗಿ, ಆಗತಾನೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆದಳು.

ಆ ವರ್ಷವೇ ಮಗಳನ್ನು ತಮ್ಮ ಅದೇ ಕೇಂದ್ರಕ್ಕೆ ಸೇರಿಸಿದ. ಹಲ್ಲಕ್ಕ ಬೇಡ ಎಂದಳು. ನಿನಗೆ ಎಲ್ಲದರಲ್ಲೂ ಕೊಳಕೇ ಕಾಣುತ್ತದೆ ಎಂದು ತಮ್ಮ ಅವಳ ಬಾಯಿ ಮುಚ್ಚಿಸಿದ. ಮಗು ಅವನದು.

ಒಂದು ಸಂಜೆ ತಮ್ಮನ ಹೆಂಡತಿಗೆ ಜ್ವರ ಎಂದು ಅಳಿಲನ್ನು ಕರೆತರಲು ಹಲ್ಲಕ್ಕನೇ ಹೋದಳು. ತರಗತಿ ಇನ್ನೂ ಬಿಟ್ಟಿರಲಿಲ್ಲ. ಬಾಗಿಲ ಗಾಜಿನಿಂದ ಒಳಗೆ ನೋಡಿದಳು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು, ಹೊರಗೆ ನೋಡಿ ಗಮನ ಕೆಡಬಾರದಂತೆ. ಹಿಂದಿನ ಪರೀಕ್ಷೆಯ ಅಂಕದ ಪ್ರಕಾರ ಸಾಲು. ಹೆಚ್ಚು ಬಂದವರು ಫ್ಯಾನಿನ ಕೆಳಗೆ, ಕಡಿಮೆ ಬಂದವರು ಹಿಂದೆ, ಕಕ್ಕಸಿನ ಬಾಗಿಲಿಗೆ ಅಂಟಿಕೊಂಡು. ಆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅಳಿಲು ಕೊನೆಯ ಸಾಲಿನಲ್ಲಿ ಮೂಗಿಗೆ ಫ್ರಾಕಿನ ಕಾಲರ್ ಹಿಡಿದು ಬರೆಯುತ್ತಿದ್ದಳು. ಪಕ್ಕದ ಹುಡುಗಿ ತುಟಿಯ ಸಿಪ್ಪೆ ಕಿತ್ತು ಕಿತ್ತು ರಕ್ತ ಬರಿಸಿಕೊಂಡು, ಆ ಬೆರಳನ್ನು ಉತ್ತರ ಪತ್ರಿಕೆಗೇ ಒರೆಸುತ್ತಿದ್ದಳು. ಬೆವರು, ಬಿಸಿಯಾದ ಊಟದ ಡಬ್ಬಿ, ಮೂತ್ರ, ಸೀಮೆಸುಣ್ಣ ಎಲ್ಲ ಬೆರೆತ ಗಾಳಿ ಬಾಗಿಲ ಸಂದಿಯಿಂದ ಹೊರಬರುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ಅಮ್ಮಂದಿರು ನಗುತ್ತಾ ನಿಂತಿದ್ದರು. ನಿಮ್ಮ ಮಗು ಎಷ್ಟನೇ ಸಾಲು ಎಂದು ಒಬ್ಬಾಕೆ ಹಲ್ಲಕ್ಕನನ್ನು ಕೇಳಿದಳು. ಕೊನೆಯದು ಎಂದೊಡನೆ, ಪಾಪ ಎಂದು ಅರ್ಧ ಹೆಜ್ಜೆ ದೂರ ಸರಿದಳು. ಕಡಿಮೆ ಅಂಕ ಅಂಟುರೋಗವೋ ಏನೋ ಎಂದುಕೊಂಡಳು ಹಲ್ಲಕ್ಕ.

ದಾರಿಯಲ್ಲಿ ಅಳಿಲು ಸಿಳ್ಳೆ ಹೊಡೆಯಲಿಲ್ಲ. ಹಸಿವಾ ಎಂದರೆ ಇಲ್ಲ ಎಂದಳು, ಸುಸ್ತಾ ಎಂದರೆ ಇಲ್ಲ ಎಂದಳು.

ಇದಾದ ಕೆಲವು ವಾರಕ್ಕೆ, ಊಟ ಮುಗಿಸಿ ಬಂದ ಹಲ್ಲಕ್ಕನ ಮೇಜಿನ ಮೇಲೆ ಹೊಸ ಅಚ್ಚೊಂದು ಇತ್ತು. ಅಚ್ಚುಗಳಿಗೆ ಹೆಸರಿರುವುದಿಲ್ಲ, ಸಂಖ್ಯೆಯ ಚೀಟಿ ಮಾತ್ರ. ತೊಳೆದಳು, ಪ್ಲಾಸ್ಟರ್ ಹೊಯ್ದಳು, ಬೇರೆ ಕೆಲಸ ನೋಡಿದಳು, ಗಟ್ಟಿಯಾದ ಮೇಲೆ ಬಿಡಿಸಿದಳು. ಮುಂದಿನ ಎರಡು ಹಲ್ಲು ದೊಡ್ಡವು. ಒಂದರ ಮೂಲೆ ಚೂರು ಹಾರಿದೆ.

ಅವಳು ಸ್ಟೂಲಿನ ಮೇಲೆ ಕೂತಳು. ಅಚ್ಚನ್ನು ತಿರುಗಿಸಿ ದವಡೆ ನೋಡಿದಳು. ಅಲ್ಲಿ ಉಳಿದಿದ್ದ ಹಾಲುಹಲ್ಲುಗಳು ಚಪ್ಪಟೆಯಾಗಿದ್ದವು. ದಿನಾ ಒಟ್ಟಿಗೆ ಕೂತು ಉಣ್ಣುವ ಮಗು, ತಾನೇ ಎಷ್ಟೋ ಸಲ ತಲೆ ಬಾಚಿದ ಮಗು, ಅದರ ಬಾಯೊಳಗೆ ಹೀಗಾದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ತಾನು ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡೇ ತಮ್ಮನು ಮಗಳನ್ನು ಕರೆತಂದು ಹೋಗಿದ್ದ ಎಂಬುದು ಆಮೇಲೆ ಹೊಳೆಯಿತು. ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು.

ಸಂಜೆ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದಳು. ತಮ್ಮ ಅಂಗಡಿಯಿಂದ ಬಂದು ಕಾಲು ಚಾಚಿ ಕೂತಿದ್ದ. ಮೊಣಕಾಲಿಗೆ ಹೆಂಡತಿ ಎಣ್ಣೆ ಹಚ್ಚುತ್ತಿದ್ದಳು. ಹಲ್ಲಕ್ಕ ಅಚ್ಚನ್ನು ಅವನೆದುರಿಗೆ ಇಟ್ಟಳು.

"ಇದು ಯಾರ ಬಾಯಿ ಹೇಳು," ಎಂದಳು.

ತಮ್ಮ ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ತಲೆ ತಗ್ಗಿಸಿದ. ಹೇಳಿದ್ದರೆ ನೀನು ಆಸ್ಪತ್ರೆಯಲ್ಲೇ ರಂಪ ಮಾಡುತ್ತಿದ್ದೆ ಎಂದ. ಇನ್ನು ಸ್ವಲ್ಪ ತಿಂಗಳು ತಾನೇ, ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂದ. ಹೆಂಡತಿಗೂ ಅವನು ಹೇಳಿರಲಿಲ್ಲ. ಅವಳು ಎಣ್ಣೆಯ ಕೈಯಲ್ಲೇ ಅಚ್ಚನ್ನು ಎತ್ತಿಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು.

"ನನ್ನ ಮಗಳು ನನ್ನ ಹಾಗೆ ಆಗಬಾರದು ಅಕ್ಕ, ಅಷ್ಟೇ," ಎಂದ ತಮ್ಮ. "ಮೊನ್ನೆ ಆ ಶಾಲೆ ಹುಡುಗ ಒಬ್ಬ ಬಂದಿದ್ದ. ನಾನು ಮಂಡಿಯೂರಿ ಕೂತು ಶೂ ಹಾಕ್ತಿದ್ದೀನಿ, ಅವನು ಫೋನ್ ನೋಡ್ತಾ ಕಾಲಲ್ಲಿ ನನ್ನ ಗಲ್ಲ ತಟ್ಟಿದ. ಲೇಸು ಬಿಗಿ ಮಾಡು ಅಂತ. ಅವತ್ತೇ ಅಂದುಕೊಂಡೆ, ಇವಳನ್ನ ಆ ಶಾಲೆಗೇ ಸೇರಿಸಬೇಕು ಅಂತ."

"ಯಾಕೆ, ನಾಳೆ ಇವಳೂ ಇನ್ನೊಬ್ಬರ ಗಲ್ಲ ತಟ್ಟಲಿ ಅಂತಾನಾ?"

ತಮ್ಮ ಚಾಚಿದ್ದ ಕಾಲು ಮಡಚಿಕೊಂಡ. ಅವನ ಕಣ್ಣು ತುಂಬಿದ್ದು ಕಂಡು ಹಲ್ಲಕ್ಕನಿಗೆ ಅಷ್ಟೊಂದು ಹೇಳಬಾರದಿತ್ತು ಎನ್ನಿಸಿತು. ಆದರೂ ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ, ಯಾವತ್ತೂ ಗಂಡನ ಎದುರು ದನಿ ಎತ್ತದವಳು, ಇನ್ನು ಅಲ್ಲಿಗೆ ಮಗಳನ್ನು ಕಳಿಸುವುದಿಲ್ಲ ಎಂದಳು. ಎತ್ತರದ ದನಿಯಲ್ಲೇನೂ ಹೇಳಲಿಲ್ಲ. ಬಟ್ಟೆ ಒಗೆದಾಯಿತು ಎನ್ನುವ ಹಾಗೆ ಹೇಳಿದಳು. ಆಮೇಲೆ, ಪರೀಕ್ಷೆ ಬರೆಯಬೇಕೋ ಬೇಡವೋ ಎಂದು ಅಳಿಲನ್ನೇ ಕೇಳಿ ಎಂದಳು. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ.

ಅಳಿಲು ಬಾಗಿಲ ಹಿಂದೆಯೇ ನಿಂತಿದ್ದಳು. "ಬರೀತೀನಿ. ಆ ಶಾಲೇಲಿ ಆಮೆ ಕೊಳ ಇದೆಯಂತೆ. ಕ್ಲಾಸಿಗೆ ಮಾತ್ರ ಹೋಗಲ್ಲ," ಎಂದಳು.

ಹಾಗಾದರೆ ಓದಿಸುವವರು ಯಾರು ಎಂದು ತಮ್ಮ ಕೇಳಿದ. ಹಲ್ಲಕ್ಕ ನಾನೇ ಎಂದುಬಿಟ್ಟಳು. ಅವಳು ಓದು ಬಿಟ್ಟು ಎಷ್ಟೋ ಕಾಲವಾಗಿತ್ತು. ಪುಸ್ತಕದಲ್ಲಿದ್ದ ಲೆಕ್ಕದಲ್ಲಿ ಅರ್ಧ ಅವಳಿಗೂ ಬರುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅಳಿಲು ಹಲ್ಲಕ್ಕನ ಕೋಣೆಗೇ ಬರತೊಡಗಿದಳು. ಕಿಟಕಿಯ ಬಳಿ ಮೇಜು ಖಾಲಿ ಮಾಡಿಕೊಟ್ಟಿದ್ದಾಯಿತು. ಬಂದವಳು ಮೊದಲು ಏನಾದರೂ ತಿನ್ನಬೇಕು, ಆಮೇಲೆ ಪುಸ್ತಕ. ಒಂದು ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಅದು ಗಟ್ಟಿಯಾಗುವ ತನಕ ಓದು, ಬಿಡಿಸುವ ಹೊತ್ತಿಗೆ ಓದು ಬಂದ್. ಗಟ್ಟಿಯಾಗುವಾಗ ಪ್ಲಾಸ್ಟರ್ ಬೆಚ್ಚಗಾಗುತ್ತದೆ. ಅಳಿಲು ಅದರ ಮೇಲೆ ಕೈ ಇಟ್ಟುಕೊಂಡು ಪಾಠ ಒಪ್ಪಿಸುವಳು. ಇಬ್ಬರಿಗೂ ಬಾರದ ಲೆಕ್ಕವನ್ನು ಶಾಲೆಯ ಟೀಚರ ಹತ್ತಿರ ಮಾರನೇ ದಿನ ಕೇಳಿಕೊಂಡು ಬರುವಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಾರಕ್ಕೊಮ್ಮೆ, ಅದೂ ರಜೆಯ ಬೆಳಗ್ಗೆ ಚೆನ್ನಾಗಿ ನಿದ್ದೆಯಾದ ಮೇಲೆ, ಗಡಿಯಾರ ಇಟ್ಟುಕೊಂಡು ಬರೆಯುವುದು. ಬಾರದ್ದನ್ನು ಬಿಟ್ಟು ಮುಂದೆ ಹೋಗು, ಕೊನೆಯಲ್ಲಿ ಹೊತ್ತಿದ್ದರೆ ತಿರುಗಿ ಬಾ ಎಂದು ಹಲ್ಲಕ್ಕ ಹೇಳಿಕೊಟ್ಟಳು. ಅಂಕ ಎಷ್ಟು ಬಂತು ಎಂದು ಮನೆಯಲ್ಲಿ ಯಾರೂ ಕೇಳುವ ಹಾಗಿಲ್ಲ ಎಂದು ತಮ್ಮನಿಗೆ ಕಟ್ಟಪ್ಪಣೆ ಮಾಡಿದಳು. ತಮ್ಮ ಕೇಳದೆ ಇರಲಾರದೆ ಒದ್ದಾಡುತ್ತಿದ್ದ. ಊಟದ ಹೊತ್ತಿಗೆ ಮಗಳ ಮುಖವನ್ನೇ ನೋಡಿ ಅಂಕ ಊಹಿಸುತ್ತಿದ್ದ.

ಹಲ್ಲು ಕಡಿಯುವುದಕ್ಕೆ ಹಲ್ಲಕ್ಕನಿಗೆ ಗೊತ್ತಿದ್ದದ್ದು ಒಂದೇ. "ತುಟಿ ಮುಚ್ಚು, ಹಲ್ಲು ಬಿಡಿಸು," ಎನ್ನುವಳು ಆಗಾಗ. ಅಳಿಲು ತುಟಿ ಮುಚ್ಚಿ, ಒಳಗೆ ಹಲ್ಲು ದೂರ ಮಾಡಿ, ಗಲ್ಲ ಜೋತುಬಿಟ್ಟು ಕೂರುವಳು.

ಇಷ್ಟೆಲ್ಲ ಮಾಡಿದರೂ ಹಲ್ಲಕ್ಕ ಶಾಂತ ಸ್ವಭಾವದವಳಲ್ಲ. ಒಂದು ದಿನ ತೊಟ್ಟಿಗೆ ಎರಡು ಕೊಳವೆಯಲ್ಲಿ ನೀರು ಬಿಡುವ ಲೆಕ್ಕ. ಹಿಂದಿನ ದಿನವಷ್ಟೇ ಮಾಡಿದ್ದನ್ನು ಅಳಿಲು ತಪ್ಪು ಮಾಡಿದಳು, ಅಳಿಸಿದಳು, ಮತ್ತೆ ಅದೇ ತಪ್ಪು. ಡಾಕ್ಟರು ಬೆಳಗ್ಗಿನಿಂದ ಅವಸರ ಮಾಡುತ್ತಿದ್ದರು, ಒಂದು ಹಲ್ಲಿನ ಸೆಟ್ ಕೈಯಲ್ಲಿ ಒಡೆದಿತ್ತು.

"ಎದುರುಗಡೆ ಹುಡುಗರಿಗೆ ಇದು ನಿದ್ದೇಲೂ ಬರುತ್ತೆ, ನಿಂಗೇನಾಗಿದೆ," ಎಂದಳು ಹಲ್ಲಕ್ಕ.

ಅಳಿಲು ತಲೆ ಎತ್ತಲಿಲ್ಲ. ಅವಳ ಕೆನ್ನೆಯ ಹಿಂದೆ, ಕಿವಿಯ ಕೆಳಗೆ, ಒಂದು ಗಂಟು ಎದ್ದು ಇಳಿಯಿತು. ಹಲ್ಲು ಹಲ್ಲಿಗೆ ಉಜ್ಜಿದ ಸದ್ದು ಆ ಸಣ್ಣ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸಿತು. ಅಷ್ಟು ಅಚ್ಚು ಮಾಡಿದ್ದ ಹಲ್ಲಕ್ಕ ಆ ಸದ್ದನ್ನು ಅದುವರೆಗೆ ಕೇಳಿರಲಿಲ್ಲ.

ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸರ ಬಾಯಿಯ ಮಾತು ತನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದಿತ್ತು. ಸಾಬೂನು ಹಚ್ಚಿ ಕೈ ತೊಳೆದಳು, ಮುಖ ತೊಳೆದಳು, ಬಾಯಿ ಮುಕ್ಕಳಿಸಿದಳು. ತಿರುಗಿ ಬಂದು ಅಳಿಲಿನ ಪಕ್ಕ ಕೂತಳು.

"ನಾನು ಆಗಲೇ ಅಂದದ್ದು ಕೊಳಕು ಮಾತು ಕಣೇ. ಮನಸ್ಸಿಗೆ ಹಚ್ಚಿಕೋಬೇಡ," ಎಂದಳು.

"ಯಾವ ಮಾತು ಅತ್ತೆ?" ಎಂದಳು ಅಳಿಲು.

ಅವಳು ನಿಜವಾಗಿಯೂ ಗಮನಿಸಿರಲಿಲ್ಲ. ಅಂಥ ಮಾತು ಕೇಳಿ ಕೇಳಿ ಅವಳಿಗೆ ಅದು ಫ್ಯಾನಿನ ಸದ್ದಿನಂತಾಗಿತ್ತು. ಹಲ್ಲಕ್ಕ ಪುಸ್ತಕ ಮುಚ್ಚಿಸಿ ಅವಳನ್ನು ಹೊರಗೆ ನಡೆಸಿಕೊಂಡು ಹೋದಳು. ಮಾರುಕಟ್ಟೆಯ ತನಕ ಸುತ್ತಾಡಿ ಬಂದರು. ಕೊಳವೆಯ ಲೆಕ್ಕ ಆ ವಾರ ಬರಲೇ ಇಲ್ಲ, ಮುಂದಿನ ವಾರ ಬಂತು.

ಈ ನಡುವೆ ಡಾಕ್ಟರು ಒಂದು ಮಾದರಿ ಮಾಡಿಕೊಡಲು ಹೇಳಿದರು. ಗಾರ್ಡಿನ ಪ್ಲಾಸ್ಟಿಕ್ಕಿನೊಳಗೇ ಎದುರಿನ ಕೇಂದ್ರದ ಮುದ್ರೆ ಬರಬೇಕು, ಹೊಸದಾಗಿ ಸೇರುವ ಎಲ್ಲ ಮಕ್ಕಳಿಗೂ ಚೀಲ, ಟೋಪಿಯ ಜೊತೆ ಒಂದೊಂದು ಗಾರ್ಡ್. ಹಲ್ಲು ಸವೆಯುವ ಮೊದಲೇ ಕೊಟ್ಟರೆ ಒಳ್ಳೆಯದಲ್ಲವೇ ಎಂದರು. ಮಕ್ಕಳ ಹಲ್ಲು ಹೇಗೂ ಸವೆಯುತ್ತದೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಅದಕ್ಕೆ ಮುದ್ರೆ ಒತ್ತುವುದು. ಹಲ್ಲಕ್ಕ ಒಂದು ಮಾಡಿದಳು. ನೀಲಿ ಪ್ಲಾಸ್ಟಿಕ್ಕಿನೊಳಗೆ ಚಿನ್ನದ ಬಣ್ಣದ ಮುದ್ರೆ, ನಾಲಿಗೆ ತಾಗುವ ಜಾಗದಲ್ಲಿ. ಬೆಳಕಿಗೆ ಹಿಡಿದು ನೋಡಿದಳು. ತಾನು ಮಾಡಿದ ಕೆಲಸ ನೋಡಿ ಅವಳಿಗೆ ಥೂ ಎನ್ನಿಸಿದ್ದು ಅದೇ ಮೊದಲು.

ಡಾಕ್ಟರ ಮೇಜಿನ ಮೇಲೆ ಅದನ್ನು ಇಟ್ಟು, "ಇನ್ನೊಂದು ಮಾಡಲ್ಲ ಡಾಕ್ಟ್ರೇ. ಬೇರೆ ಯಾರ ಕೈಲಾದ್ರೂ ಮಾಡಿಸಿಕೊಳ್ಳಿ," ಎಂದಳು.

ಡಾಕ್ಟರು ಬೇಸರ ಮಾಡಿಕೊಂಡರು, ಮಾಡಿಸಿಕೊಂಡರು ಕೂಡ. ಪಕ್ಕದ ಪೇಟೆಯಿಂದ ಗಾರ್ಡುಗಳು ಡಬ್ಬಿ ಡಬ್ಬಿ ಬಂದವು. ಹಲ್ಲಕ್ಕನನ್ನು ಕೆಲಸದಿಂದ ಬಿಡಿಸಲಿಲ್ಲ. ಅವಳು ಕೂರಿಸಿದ ಹಲ್ಲಿನ ಸೆಟ್ಟನ್ನೇ ನಂಬಿಕೊಂಡು ಬರುವ ಮುದುಕ ಮುದುಕಿಯರು ಬಹಳ ಮಂದಿ ಇದ್ದರು.

ಪರೀಕ್ಷೆಯ ಹಿಂದಿನ ಭಾನುವಾರ ಹಲ್ಲಕ್ಕ ಅಳಿಲನ್ನು ಪರೀಕ್ಷೆ ನಡೆಯುವ ಕಟ್ಟಡಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಗೇಟು ಎಲ್ಲಿ, ನೀರು ಎಲ್ಲಿ, ಕಕ್ಕಸು ಎಲ್ಲಿ. ಕಾವಲುಗಾರನನ್ನು ಕಾಡಿ ಬೇಡಿ ಒಳಗೆ ಹೋಗಿ ಒಂದು ಬೆಂಚಿನ ಮೇಲೆ ಕೂರಿಸಿದಳು. ಅಳಿಲು ಬೆಂಚಿನ ಮೇಲೆ ಕೂತು ಒಂದು ಸಿಳ್ಳೆ ಹೊಡೆದಳು. ಖಾಲಿ ಕೋಣೆಯಲ್ಲಿ ಅದು ಚೆನ್ನಾಗಿ ಮೊಳಗಿತು. ಕೊನೆಯ ಎರಡು ದಿನ ಪುಸ್ತಕ ಬೀರುವಿನಲ್ಲಿ. ತಮ್ಮ ಒಂದು ಸಲ ಮೆಲ್ಲಗೆ ಬೀರುವಿನ ಹತ್ತಿರ ಹೋದ. ಅವನ ಹೆಂಡತಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಪರೀಕ್ಷೆಯ ಬೆಳಗ್ಗೆ ಗೇಟಿನ ಮುಂದೆ ಸಂತೆ. ಎದುರಿನ ಕೇಂದ್ರದವರು ಒಂದೇ ಬಣ್ಣದ ಟೋಪಿ ಹಾಕಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೂಗಿಸುತ್ತಿದ್ದರು. ಗೋಡೆಯ ಪಕ್ಕ ಚರಂಡಿ. ಅಲ್ಲೊಬ್ಬ ಹುಡುಗ ಬಗ್ಗಿ ವಾಂತಿ ಮಾಡುತ್ತಿದ್ದ. ಅವನ ಅಪ್ಪ ಒಂದು ಕೈಯಲ್ಲಿ ಅವನ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕವನ್ನು ಚರಂಡಿಯ ಮೇಲೆ, ಮಗನ ಕಣ್ಣಿಗೆ ಕಾಣುವ ಹಾಗೆ ಚಾಚಿದ್ದ. ಪುಟದ ಅಂಚಿಗೆ ವಾಂತಿ ಸಿಡಿದಿತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ, ಮುಂದಿನದು ಓದು ಎಂದ. ಹುಡುಗ ಉಸಿರು ಎಳೆದುಕೊಂಡು, ಮೂಗಿನಿಂದ ನೀರು ಸುರಿಯುತ್ತಿರುವಾಗಲೇ ಓದಿದ.

ಹಲ್ಲಕ್ಕ ಕರವಸ್ತ್ರ ಮೂಗಿಗೆ ಹಿಡಿಯಲಿಲ್ಲ. ನೀರಿನ ಬಾಟಲಿ ತೆಗೆದು ಹುಡುಗನ ಮುಖ ತೊಳೆದಳು, ಬಾಯಿ ಮುಕ್ಕಳಿಸಲು ಕೊಟ್ಟಳು, ಅದೇ ಕರವಸ್ತ್ರದಿಂದ ಮುಖ ಒರೆಸಿದಳು. ಹೊತ್ತು ಹಾಳು ಮಾಡಬೇಡಿ ಎಂದು ಅಪ್ಪ ಸಿಡುಕಿದ.

"ಪುಸ್ತಕ ಮುಚ್ಚಯ್ಯ. ನಿನ್ನ ಕೈ ವಾಸನೆ ಬರ್ತಿದೆ," ಎಂದಳು ಹಲ್ಲಕ್ಕ.

ಅವನು ಕೈ ನೋಡಿಕೊಂಡ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ಹುಡುಗ ಮತ್ತು ಅಳಿಲು ಒಟ್ಟಿಗೇ ಒಳಗೆ ಹೋದರು.

ಹೊರಗೆ ಬಂದಾಗ ಅಳಿಲಿಗೆ ಬಹಳ ಹಸಿವಾಗಿತ್ತು. ಮೂರು ಪ್ರಶ್ನೆ ಬರಲಿಲ್ಲ, ಬಿಟ್ಟೆ ಎಂದಳು. ಪಕ್ಕದವಳು ರಬ್ಬರ್ ಬೀಳಿಸಿಕೊಂಡು ಅಳುತ್ತಿದ್ದಳು, ನನ್ನದು ಕೊಟ್ಟೆ ಎಂದಳು. ತಮ್ಮ ಆ ಮೂರು ಪ್ರಶ್ನೆ ಯಾವುವು ಎಂದು ಕೇಳಲು ಬಾಯಿ ತೆರೆದವನು, ಅಕ್ಕನ ಮುಖ ನೋಡಿ, ಏನು ತಿನ್ನುತ್ತೀಯ ಎಂದು ಕೇಳಿದ.

ಫಲಿತಾಂಶದಲ್ಲಿ ಅಳಿಲಿನ ಸಂಖ್ಯೆ ಇತ್ತು, ಪಟ್ಟಿಯ ತಳದ ಹತ್ತಿರ. ತಮ್ಮ ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ. ಎರಡು ದಿನ ಮನೆಯಲ್ಲಿ ನಗು. ಮೂರನೆಯ ದಿನ ನಾಲ್ಕು ರಸ್ತೆ ಕೂಡುವಲ್ಲಿ ಎದುರಿನ ಕೇಂದ್ರದ ದೊಡ್ಡ ಬೋರ್ಡ್ ಎದ್ದಿತು. ನಮ್ಮ ಹೆಮ್ಮೆಯ ಮಕ್ಕಳು ಎಂದು ಬರೆದ ಕೆಳಗೆ, ಕಡೆಯ ಸಾಲಿನಲ್ಲಿ ಅಳಿಲಿನ ಫೋಟೊ. ಸೇರುವಾಗ ಕೊಟ್ಟಿದ್ದ ಫೋಟೊವನ್ನು ಇಟ್ಟುಕೊಂಡಿದ್ದರು. ಸಾಲದ್ದಕ್ಕೆ ಅವಳ ಮುಂದಿನ ಹಲ್ಲನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ನೇರ ಮಾಡಿ, ಹಾರಿಹೋಗಿದ್ದ ಮೂಲೆಯನ್ನೂ ತುಂಬಿದ್ದರು. "ಇದು ನಾನಲ್ಲ," ಎಂದಳು ಅಳಿಲು.

ತಮ್ಮನಿಗೆ ಮಾತ್ರ ಒಳಗೊಳಗೇ ಹಿಗ್ಗು. ಊರೆಲ್ಲ ನೋಡುತ್ತಾರೆ, ಇರಲಿ ಬಿಡು ಎಂದ. ಹಲ್ಲಕ್ಕ ಬಿಡಲಿಲ್ಲ. ಅವನನ್ನು ಜೊತೆಗೆ ಹೊರಡಿಸಿಕೊಂಡೇ ಕೇಂದ್ರಕ್ಕೆ ಹೋಗಿ, ಬೋರ್ಡಿನಿಂದ ಆ ಫೋಟೊ ಕಿತ್ತುಹಾಕಿ ಎಂದಳು. ಕೇಂದ್ರದ ಯಜಮಾನ ಎದ್ದು ನಿಂತು ಕುರ್ಚಿ ಕೊಟ್ಟು, ಅಡಿಪಾಯ ನಮ್ಮದೇ ಅಲ್ಲವೇ ಎಂದು ಹಲ್ಲು ಗಿಂಜಿದ. ಸನ್ಮಾನ ಸಮಾರಂಭ ಇಟ್ಟಿದ್ದೇವೆ, ಮಗುವಿನ ಜೊತೆ ನೀವೂ ವೇದಿಕೆಗೆ ಬನ್ನಿ ಎಂದು ತಮ್ಮನ ಹೆಗಲ ಮೇಲೆ ಕೈ ಹಾಕಿದ. ತಮ್ಮ ಆ ಕೈಯನ್ನು ನೋಡಿದ, ಅಕ್ಕನನ್ನು ನೋಡಿದ, ಹೊರಗೆ ಬಂದ.

ಹೊರಗೆ ಹೊಸ ತಂಡದ ಅಪ್ಪ ಅಮ್ಮಂದಿರು ಕೂತಿದ್ದರು. ಈ ಸಲ ಮಕ್ಕಳು ಇನ್ನೂ ಚಿಕ್ಕವು, ಮೂರನೇ ತರಗತಿಯಿಂದಲೇ ಶುರುವಂತೆ. ಬೋರ್ಡಿನಲ್ಲಿರುವ ಮಗುವಿನ ತಂದೆ ಎಂದು ತಿಳಿದೊಡನೆ ಎಲ್ಲರೂ ತಮ್ಮನನ್ನು ಮುತ್ತಿಕೊಂಡರು. ಎಷ್ಟು ಹೊತ್ತಿಗೆ ಏಳಿಸುತ್ತಿದ್ದಿರಿ, ಟಿವಿ ತೆಗೆಸಿದ್ದಿರಾ ಎಂದು ಕೇಳಿದರು. ಒಬ್ಬಾಕೆ ಮಗನನ್ನು ಮುಂದೆ ತಳ್ಳಿ, ಅಂಕಲ್ ಕಾಲಿಗೆ ಬೀಳು ಎಂದಳು. ಹುಡುಗ ಬಗ್ಗಿ ತಮ್ಮನ ಪಾದದ ಮೇಲೆ ಕೈ ಇಟ್ಟ. ಇಡೀ ದಿನ ಇನ್ನೊಬ್ಬರ ಕಾಲು ಹಿಡಿಯುವ ತಮ್ಮ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದು, ಹುಡುಗನ ರೆಟ್ಟೆ ಹಿಡಿದು ಎಬ್ಬಿಸಿದ.

"ನನ್ನ ಮಗಳನ್ನ ಇಲ್ಲಿಂದ ಬಿಡಿಸಿಬಿಟ್ಟಿದ್ದೆ," ಎಂದ, ಎಲ್ಲರಿಗೂ ಕೇಳಿಸುವ ಹಾಗೆ. "ಇಲ್ಲಿ ಅವಳ ಹಲ್ಲು ಸವೆದುಹೋಯ್ತು. ಬಿಡಿಸಿದ ಮೇಲೇ ಅವಳು ನಿದ್ದೆ ಮಾಡಿದ್ದು."

ಆಮೇಲೆ ಆ ಹುಡುಗನ ತಾಯಿ ಹತ್ತಿರ ಬಂದು, ದನಿ ತಗ್ಗಿಸಿ, "ಹಾಗಾದ್ರೆ ಯಾವ ಕೇಂದ್ರಕ್ಕೆ ಸೇರಿಸಿದ್ರಿ?" ಎಂದು ಕೇಳಿದಳು.

ಬೋರ್ಡ್ ಮಳೆ ಬಂದು ಬಣ್ಣ ಹೋಗುವ ತನಕ ಅಲ್ಲೇ ಇತ್ತು. ಸನ್ಮಾನಕ್ಕೆ ಇವರು ಯಾರೂ ಹೋಗಲಿಲ್ಲ. ಅಳಿಲು ದೊಡ್ಡ ಶಾಲೆಗೆ ಸೇರಿದಳು. ಅಲ್ಲಿ ಆಮೆಗಳಿದ್ದವು, ಆದರೆ ಹತ್ತಿರ ಹೋಗಲು ಬಿಡುತ್ತಿರಲಿಲ್ಲವಂತೆ. ತರಗತಿಯಲ್ಲಿ ಅವಳು ನಡುವಿನ ಮಟ್ಟದವಳು. ಅದರಿಂದ ಅವಳಿಗೂ ತೊಂದರೆಯಿರಲಿಲ್ಲ, ಅವಳ ಅಮ್ಮನಿಗೂ ಇರಲಿಲ್ಲ. ತಮ್ಮ ಸ್ವಲ್ಪ ದಿನ ಚಡಪಡಿಸಿ ಸುಮ್ಮನಾದ.

ಮುಂದಿನ ವರ್ಷ ಆಸ್ಪತ್ರೆಯ ಗೋಡೆಗೆ ಹೊಸ ಪೋಸ್ಟರ್ ಬಂತು. ಎದುರಿನ ಕೇಂದ್ರದಲ್ಲಿ ಈಗ ಶಾಂತಿ ತರಗತಿ. ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ ಕಣ್ಣು ಮುಚ್ಚಿಸುತ್ತಾರೆ. ವಾರಕ್ಕೊಮ್ಮೆ ಎಲ್ಲರಿಗಿಂತ ಶಾಂತವಾಗಿ ಮಲಗಿದ ಮಗುವಿಗೆ ಪದಕ. ನಿಮಗೆ ಅನುಭವ ಇದೆ, ಭಾನುವಾರ ಹೋಗಿ ಆ ತರಗತಿ ನೋಡಿಕೊಳ್ಳಬಹುದಲ್ಲ, ಅವರೇ ಕೇಳುತ್ತಿದ್ದಾರೆ ಎಂದು ಡಾಕ್ಟರು ಹಲ್ಲಕ್ಕನಿಗೆ ಹೇಳಿದರು. ಶಾಂತವಾಗಿ ಮಲಗುವುದರಲ್ಲೂ ಮೊದಲನೆಯವನು ಕೊನೆಯವನು ಎಂದು ಇದೆಯಾ ಎಂದು ಅವಳು ಕೇಳಿದಳು. ಇದ್ದೇ ಇರುತ್ತದಲ್ಲ ಎಂದರು ಡಾಕ್ಟರು, ಅದರಲ್ಲಿ ವಿಚಿತ್ರವೇನು ಎಂಬಂತೆ. ಹಲ್ಲಕ್ಕ ನೆಲಕ್ಕೆ ಉಗುಳಬೇಕೆನ್ನಿಸಿದರೂ ನೆಲ ಒರೆಸುವವಳನ್ನು ನೆನೆದು ನುಂಗಿಕೊಂಡಳು.

ಅಷ್ಟರಲ್ಲಿ ಬೀದಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಹಲ್ಲಕ್ಕ ತಮ್ಮನ ಮಗಳಿಗೆ ಏನೋ ಬಿಳಿ ಪುಡಿ ಕೊಡುತ್ತಿದ್ದಳಂತೆ, ಆಸ್ಪತ್ರೆಯಿಂದ ತರುತ್ತಿದ್ದಳಂತೆ, ಅದರಿಂದಲೇ ಮಗು ಪಾಸಾದದ್ದು. ಒಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರು ಒಂದು ಚಿಕ್ಕ ಹುಡುಗಿಯನ್ನು ನಡುವೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಬಹಳ ನಯವಾಗಿ ಮಾತಾಡಿದರು. ಕೊನೆಗೆ ಗಂಡ ಪುಡಿಯ ವಿಷಯ ಎತ್ತಿದ.

ಹಲ್ಲಕ್ಕನಿಗೆ ಬಾಗಿಲು ಹಾಕಿಬಿಡೋಣ ಎನ್ನಿಸಿತು. ಹುಡುಗಿ ತೂಕಡಿಸುತ್ತಾ ಅಮ್ಮನ ಸೀರೆಗೆ ಒರಗಿದ್ದಳು.

"ಅದು ಪ್ಲಾಸ್ಟರ್ ಆಫ್ ಪ್ಯಾರಿಸ್ಸು. ತಿಂದ್ರೆ ಹೊಟ್ಟೇಲಿ ಕಲ್ಲಾಗುತ್ತೆ," ಎಂದಳು. "ಮಗೂಗೆ ನಿದ್ದೆ ಬರ್ತಿದೆ, ಮನೆಗೆ ಕರ್ಕೊಂಡು ಹೋಗಿ ಮಲಗಿಸಿ."

"ಮಲಗಿಸಿದ ಮೇಲೆ?" ಎಂದಳು ಆ ಹೆಂಡತಿ, ಮುಂದಿನದನ್ನು ಕೇಳಿಸಿಕೊಳ್ಳಲು ಹತ್ತಿರ ಬಂದು.

"ಅಷ್ಟೇ. ತಾನಾಗಿ ಏಳೋವರೆಗೂ ಎಬ್ಬಿಸಬೇಡಿ."

ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ನಿಜವಾದ ವಿಷಯ ಮುಚ್ಚಿಡುತ್ತಿದ್ದಾಳೆ ಎಂದು ಇಬ್ಬರ ಮುಖದಲ್ಲೂ ಬರೆದಿತ್ತು. ಆಮೇಲೆ ಗಂಡ ಮಗುವನ್ನು ಎತ್ತಿಕೊಂಡ, ಮೂವರೂ ಹೊರಟುಹೋದರು. ಅಪ್ಪನ ಹೆಗಲ ಮೇಲೆ ಹುಡುಗಿ ಬೀದಿಯ ತಿರುವಿಗೆ ಹೋಗುವಷ್ಟರಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸದಿರಲಿ ಎಂದುಕೊಳ್ಳುತ್ತಾ ಹಲ್ಲಕ್ಕ ಅವರು ಕಣ್ಮರೆಯಾಗುವ ತನಕ ನೋಡುತ್ತಾ ನಿಂತಳು.